ಪೆನ್ಷನ್ ಭಿಕ್ಷೆಯಲ್ಲ, ಹಿಡಿದಿಟ್ಟ ಕೂಲಿ

(ಹಾಸನದಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದಲೂ ಜನ ಬಂದಿದ್ದರು.)



ಈ ಸಂಜೆ ಸರ್ಕಾರಿ ನೌಕರರ ಪೆನ್ಷನ್ ವಿಷಯವಾಗಿ ಮಾತನಾಡುತ್ತೇವೆಂದು ತಿಳಿಸಿದಾಗ ನಿಮ್ಮಲ್ಲಿ ಕೆಲವರು ನಮ್ಮನ್ನು ತಡೆದು ಒಂದು ಪ್ರಶ್ನೆ ಕೇಳಿದಿರಿ. “ನಾವು ಗಿರಣಿಯವರು, ಅಂಗಡಿಯವರು. ಸರ್ಕಾರಿ ನೌಕರರ ಪೆನ್ಷನ್ ಕಟ್ಟಿಕೊಂಡು ನಮಗೇನಾಗಬೇಕು?” ಎಂದಿರಿ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಮೊದಲು ಉತ್ತರ ಹೇಳಿ ಮುಂದಕ್ಕೆ ಹೋಗುತ್ತೇವೆ.

ನಿಮ್ಮ ನಿಮ್ಮ ಮನೆಗಳನ್ನೇ ಒಂದು ಸಲ ನೆನೆದುಕೊಳ್ಳಿ. ಅಣ್ಣ ಗಿರಣಿಯಲ್ಲಿದ್ದರೆ ತಮ್ಮ ತಾಲ್ಲೂಕು ಕಚೇರಿಯಲ್ಲಿ ಜವಾನ. ಭಾವ ಅರಕಲಗೂಡಿನ ಕಡೆ ಪ್ರೈಮರಿ ಶಾಲೆಯ ಮೇಷ್ಟ್ರು. ಅತ್ತಿಗೆ ಹೊಳೆನರಸೀಪುರದಲ್ಲಿ ಹಾಸ್ಟೆಲಿನ ಅಡಿಗೆಯವಳು. ಸೋದರಮಾವ ಚನ್ನರಾಯಪಟ್ಟಣದ ಕಡೆ ಹೇಮಾವತಿ ನಾಲೆಯ ಮೇಲೆ ನೀರು ಬಿಡುವವನು. ಸರ್ಕಾರಿ ನೌಕರ ಎಂದರೆ ದೊಡ್ಡ ಕುರ್ಚಿಯ ಮೇಲೆ ಕುಳಿತ ಸಾಹೇಬರೇ ಆಗಬೇಕಾಗಿಲ್ಲ. ಕಡತ ಹೊರುವವನು, ಕಸ ಗುಡಿಸುವವಳು, ರಸ್ತೆಯ ಗುಂಡಿ ಮುಚ್ಚುವವನು, ಇವರೆಲ್ಲ ನಮ್ಮ ಮನೆಯವರೇ. ಇವರ ಪೆನ್ಷನ್ ನಿಂತರೆ ನಮ್ಮ ಒಲೆಯೂ ತಣ್ಣಗಾಗುತ್ತದೆ. ಅಂಗಡಿಯವರನ್ನು ಕೇಳಿದರೆ ಇನ್ನೂ ಚೆನ್ನಾಗಿ ಹೇಳುತ್ತಾರೆ. ನಿವೃತ್ತನಾದ ಜವಾನನ ಕಾಗದ ಎಲ್ಲೋ ಸಿಕ್ಕಿಕೊಂಡಾಗ ಅವನ ಹೆಸರಿನ ಉದ್ರಿ ಲೆಕ್ಕ ತಿಂಗಳಿಂದ ತಿಂಗಳಿಗೆ ಬೆಳೆಯುತ್ತದೆ. ಕಚೇರಿಯ ಗುಮಾಸ್ತೆ ಮಾಡಿದ ತಪ್ಪಿಗೆ ಅಕ್ಕಿ ಬೇಳೆ ಕೊಟ್ಟ ಅಂಗಡಿಯವನು ಬಡ್ಡಿ ಕಟ್ಟುತ್ತಾನೆ.

ಇನ್ನೊಂದು ಕಾರಣವೂ ಉಂಟು. ಮುದಿತನದಲ್ಲಿ ಅನ್ನ ಕೊಡಬೇಕಾದವರು ಯಾರು ಎಂಬ ಪ್ರಶ್ನೆ ನೌಕರನದು ಮಾತ್ರ ಅಲ್ಲ, ನಿಮ್ಮದೂ ಹೌದು. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಯಾರ ದುಡ್ಡು?

ಪೆನ್ಷನ್ ಎಂದರೆ ಸರ್ಕಾರ ದಯಪಾಲಿಸುವ ಬಹುಮಾನ ಎಂಬ ಭಾವನೆ ನಮ್ಮ ಜನರಲ್ಲಿ ಇನ್ನೂ ಹೋಗಿಲ್ಲ. ಮಹಾರಾಜರ ಕಾಲದಿಂದ ಬಂದ ಭಾವನೆ ಅದು. ಧಣಿ ಸಂತೋಷಪಟ್ಟರೆ ಕೊಡುತ್ತಾನೆ, ಮುನಿದರೆ ಇಲ್ಲ. ಆದ್ದರಿಂದಲೇ ನಿವೃತ್ತನಾದವನು ತನ್ನ ಕಾಗದ ಹಿಡಿದು ಕಚೇರಿಗೆ ಹೋದಾಗ ಕೈಮುಗಿದು ಬಾಗಿಲಲ್ಲಿ ನಿಲ್ಲುತ್ತಾನೆ. ನಿನ್ನೆಯವರೆಗೆ ಅದೇ ಕಚೇರಿಯಲ್ಲಿ ಕೆಲಸ ಮಾಡಿದವನು ಇಂದು ಭಿಕ್ಷುಕನಂತೆ ನಿಲ್ಲುತ್ತಾನೆ.

ಇದು ತಪ್ಪು ಎಂದು ಹೇಳಿದವರು ನಾವಲ್ಲ, ದೇಶದ ಸರ್ವೋಚ್ಚ ನ್ಯಾಯಾಲಯ. 1982ನೇ ಇಸವಿ ಡಿಸೆಂಬರ್ 17ರಂದು ನಕಾರಾ ಎಂಬವರ ಮೊಕದ್ದಮೆಯಲ್ಲಿ ಐವರು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು. ಪೆನ್ಷನ್ ಧಣಿಯ ಕೃಪೆಯಲ್ಲ, ದಾನವಲ್ಲ. ದುಡಿದ ಕಾಲದ ಸೇವೆಗೆ ಸಲ್ಲಬೇಕಾದ ಹಕ್ಕು ಎಂಬುದು ಆ ತೀರ್ಪಿನ ಸಾರ. ಇಂದಿಗೂ ಡಿಸೆಂಬರ್ 17ನ್ನು ನಿವೃತ್ತರು ತಮ್ಮ ದಿನವೆಂದು ಆಚರಿಸುತ್ತಾರೆ. ಎರಡು ವರ್ಷ ಕಳೆದು, 1984ರ ಅದೇ ಡಿಸೆಂಬರ್ 17ರಂದು, ಕೇರಳದ ನಿವೃತ್ತರೊಬ್ಬರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಇನ್ನೊಂದು ಮಾತು ಹೇಳಿತು. ಕಚೇರಿಯವರ ತಪ್ಪಿನಿಂದ ಪೆನ್ಷನ್ ತಡವಾದರೆ ಸರ್ಕಾರ ಬಡ್ಡಿ ಸಮೇತ ಕೊಡಬೇಕು ಎಂದಿತು. ಆ ಮೊಕದ್ದಮೆಯಲ್ಲಿ ತಡವಾದದ್ದು ಒಂದೇ ಒಂದು ಕಾಗದದಿಂದ, ಕೊನೆಯ ವೇತನದ ಪ್ರಮಾಣಪತ್ರದಿಂದ. ಆ ಕಾಗದದ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಪೆನ್ಷನ್ ಎಂದರೆ ಹಿಡಿದಿಟ್ಟ ಕೂಲಿ. ಮೂವತ್ತು ವರ್ಷ ದುಡಿಸಿಕೊಂಡವನು ಕೂಲಿಯ ಒಂದು ಭಾಗವನ್ನು ಮುಂದೆ ಕೊಡುತ್ತೇನೆಂದು ತನ್ನಲ್ಲಿ ಇಟ್ಟುಕೊಂಡಿದ್ದಾನೆ. ಅದನ್ನು ಕೇಳುವಾಗ ತಲೆ ತಗ್ಗಿಸಬೇಕಾದವನು ಕೇಳುವವನಲ್ಲ.

ಒಂದು ಹೆಸರಿನ ಕತೆ

ನಮ್ಮ ಪರಿಚಯದ ಒಬ್ಬರ ಸಂಗತಿ ಹೇಳುತ್ತೇವೆ. ಹೆಸರು, ಕಚೇರಿ ಎರಡೂ ಬೇಡ. ಈ ಜಿಲ್ಲೆಯ ಒಂದು ಸಣ್ಣ ಕಚೇರಿಯಲ್ಲಿ ಜವಾನರಾಗಿದ್ದವರು. ಕೆಲಸಕ್ಕೆ ಸೇರಿದ ದಿನ ಗುಮಾಸ್ತೆ “ಹೆಂಡತಿ ಹೆಸರೇನಯ್ಯಾ?” ಎಂದು ಕೇಳಿದರು. ಇವರು ಮನೆಯಲ್ಲಿ ಕರೆಯುವ ಹೆಸರು ಹೇಳಿದರು. ಅದೇ ಸೇವಾ ಪುಸ್ತಕಕ್ಕೆ ಹೋಯಿತು. ಪಡಿತರ ಚೀಟಿಗೆ ತವರಿನ ಹೆಸರು ಹೋಯಿತು. ಆಧಾರ್ ಬಂದಾಗ ಅದರಲ್ಲಿ ಮೂರನೆಯದೊಂದು ಹೆಸರಾಯಿತು. ಮೂರೂ ಒಬ್ಬಳೇ ಹೆಂಗಸು ಎಂಬುದು ಊರಿಗೆಲ್ಲ ಗೊತ್ತು. ಕಾಗದಕ್ಕೆ ಮಾತ್ರ ಗೊತ್ತಿಲ್ಲ.

ಆ ಮನುಷ್ಯ ನಿವೃತ್ತರಾದರು, ತಮ್ಮ ಪೆನ್ಷನ್ ತೆಗೆದುಕೊಂಡರು. ಹೆಸರು ಸರಿಮಾಡಿಸಬೇಕೆಂದು ಯಾರೂ ಹೇಳಲಿಲ್ಲ, ಅವರಿಗೂ ತೋಚಲಿಲ್ಲ. ನಾಲ್ಕನೆಯ ವರ್ಷ ತೀರಿಕೊಂಡರು. ಹದಿಮೂರನೆಯ ದಿನ ಕಳೆದ ಮೇಲೆ ಆ ತಾಯಿ ಕುಟುಂಬ ಪೆನ್ಷನ್ನಿಗೆ ಅರ್ಜಿ ಹಿಡಿದು ಹೋದರು. “ಪುಸ್ತಕದಲ್ಲಿರುವವಳು ನೀನಲ್ಲ” ಎಂದರು. ಕೆಲಸ ಮಾಡಿದ ಕಚೇರಿಗೆ ಹೋದರೆ ಖಜಾನೆಗೆ ಹೋಗು ಎಂದರು, ಖಜಾನೆಯಲ್ಲಿ ಕೇಳಿದರೆ ಕಚೇರಿಯಿಂದ ಬರೆಸಿಕೊಂಡು ಬಾ ಎಂದರು. ಊರಿನಿಂದ ಹಾಸನಕ್ಕೆ ಮೂವತ್ತು ನಲವತ್ತು ಕಿಲೋಮೀಟರು ಬಸ್ಸು. ಹೋದ ದಿನದ ಕೂಲಿ ಹೋಯಿತು. ಒಂದು ವರ್ಷಕ್ಕೂ ಮೀರಿ ಹೀಗೆ ನಡೆಯಿತು. ಕೊನೆಗೆ ಪ್ರಮಾಣಪತ್ರ, ಊರಿನ ಹಿರಿಯರ ಹೇಳಿಕೆ, ತಹಸೀಲ್ದಾರರ ದೃಢೀಕರಣ ಎಲ್ಲ ಸೇರಿಸಿದ ಮೇಲೆ ಹಣ ಬಂತು. ಅಷ್ಟರಲ್ಲಿ ಕಿವಿಯ ಓಲೆ ಅಡವಿಗೆ ಹೋಗಿತ್ತು.

ಗಂಡ ಬದುಕಿದ್ದಾಗ, ನೌಕರಿಯಲ್ಲಿದ್ದಾಗ, ಒಂದು ಅರ್ಜಿಯಲ್ಲಿ ಆಗಿಹೋಗುತ್ತಿದ್ದ ಕೆಲಸ ಇದು. ಆದ್ದರಿಂದ ಅರ್ಜಿಯ ವಿಷಯ ನಿವೃತ್ತಿಯ ದಿನ ಯೋಚಿಸುವ ಸಂಗತಿಯಲ್ಲ ಎಂದು ಒತ್ತಿ ಹೇಳುತ್ತೇವೆ.

ಎರಡು ವರ್ಷ ಮೊದಲು

ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 60. ಹಿಂದೆ 58 ಇತ್ತು, 2008ರಲ್ಲಿ ಏರಿಸಿದರು. 60 ತುಂಬಿದ ತಿಂಗಳ ಕೊನೆಯ ದಿನ ನಿವೃತ್ತಿ. ಆದರೆ ತಿಂಗಳ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುತ್ತಾರೆ. ಇದು ತಿಳಿಯದೆ ಒಂದು ತಿಂಗಳ ಸಂಬಳ ಬರುತ್ತದೆಂದು ಲೆಕ್ಕ ಹಾಕಿಕೊಂಡು ಮೋಸಹೋದವರಿದ್ದಾರೆ.

ನಿಮ್ಮ ಮನೆಯ ನೌಕರನಿಗೆ 58 ತುಂಬಿತೆಂದರೆ ಆ ದಿನವೇ ಕೆಲಸ ಆರಂಭಿಸಿಸಿ. ಮೊದಲನೆಯದು ಸೇವಾ ಪುಸ್ತಕ. ಕಚೇರಿಯವರು ಎಸ್.ಆರ್. ಎನ್ನುತ್ತಾರೆ. ಅದನ್ನು ನೋಡುವ ಹಕ್ಕು ನೌಕರನಿಗಿದೆ. ಲಿಖಿತವಾಗಿ ಕೇಳಿ, ಕುಳಿತು, ಪುಟ ಪುಟವಾಗಿ ನೋಡಬೇಕು. ಏನು ನೋಡಬೇಕು?

ಒಂದು, ಹುಟ್ಟಿದ ತಾರೀಖು. ಎರಡು, ಕೆಲಸಕ್ಕೆ ಸೇರಿದ ತಾರೀಖು, ಕಾಯಂ ಆದ ತಾರೀಖು. ಮೂರು, ಪ್ರತಿವರ್ಷದ ಸೇವೆಗೆ ಕಚೇರಿಯ ಮುಖ್ಯಸ್ಥರು ಪರಿಶೀಲಿಸಿ ರುಜು ಹಾಕಿದ್ದಾರೆಯೇ ಎಂಬುದು. ಹೊಳೆನರಸೀಪುರದಲ್ಲಿ ಎಂಟು ವರ್ಷ, ಅರಕಲಗೂಡಿನಲ್ಲಿ ಹತ್ತು ವರ್ಷ, ಚನ್ನರಾಯಪಟ್ಟಣದಲ್ಲಿ ಐದು ವರ್ಷ ಎಂದು ವರ್ಗವಾಗುತ್ತಾ ಬಂದವನಿಗೆ ಯಾವುದೋ ಒಂದು ಊರಿನ ಕಾಲದ ರುಜು ಬಿಟ್ಟುಹೋಗಿರುವುದು ಸಾಮಾನ್ಯ. ರುಜು ಇಲ್ಲದ ಕಾಲ ಲೆಕ್ಕಕ್ಕೆ ಬರುವುದು ಕಷ್ಟ. ನಾಲ್ಕು, ಸಂಬಳವಿಲ್ಲದ ರಜೆ, ಅಮಾನತ್ತಿನ ಕಾಲ, ಮುಷ್ಕರದ ದಿನಗಳು. ಇವುಗಳನ್ನು ಹೇಗೆ ಪರಿಗಣಿಸಿದರು ಎಂಬ ಆದೇಶ ಪುಸ್ತಕದಲ್ಲಿ ಇರಬೇಕು. ಐದು, ವೇತನ ಬದಲಾದಾಗಲೆಲ್ಲ ನಿಗದಿ ಮಾಡಿದ್ದು ಸರಿಯಿದೆಯೇ? ಹೆಚ್ಚು ನಿಗದಿಯಾಗಿದ್ದರೆ ನಿವೃತ್ತಿಯ ಹೊಸ್ತಿಲಲ್ಲಿ ಕಂಡುಹಿಡಿದು ವಸೂಲಿಗೆ ಹೊರಡುತ್ತಾರೆ. ಆರು, ಕುಟುಂಬದ ವಿವರ ಮತ್ತು ನಾಮನಿರ್ದೇಶನ. ಹೆಂಡತಿಯ ಹೆಸರು, ಹುಟ್ಟಿದ ತಾರೀಖು, ಮಕ್ಕಳ ಹೆಸರು, ಆಧಾರಿನಲ್ಲಿ ಹೇಗಿದೆಯೋ ಬ್ಯಾಂಕಿನಲ್ಲಿ ಹೇಗಿದೆಯೋ ಹಾಗೆಯೇ ಪುಸ್ತಕದಲ್ಲೂ ಇರಬೇಕು. ಅಂಗವಿಕಲ ಮಗ ಅಥವಾ ಮಗಳಿದ್ದರೆ ವೈದ್ಯರ ಪ್ರಮಾಣಪತ್ರದೊಡನೆ ಈಗಲೇ ಬರೆಸಿಬಿಡಿ. ತಂದೆತಾಯಿ ಹೋದ ಮೇಲೆ ಆ ಮಗುವಿಗೆ ಬೇರೆ ಆಸರೆ ಇರುವುದಿಲ್ಲ.

ಎರಡನೆಯ ಕೆಲಸ, ಬಾಕಿ ತೀರಿಸುವುದು. ಮನೆ ಕಟ್ಟಲು ತೆಗೆದ ಮುಂಗಡ, ಹಬ್ಬದ ಮುಂಗಡ, ಸರ್ಕಾರಿ ವಸತಿಯ ಬಾಡಿಗೆ, ಇವೆಲ್ಲದಕ್ಕೂ ಬಾಕಿ ಇಲ್ಲವೆಂಬ ಪತ್ರ ಬೇಕು. ಅದಿಲ್ಲದಿದ್ದರೆ ಉಪದಾನದ ಹಣವನ್ನು, ಅಂದರೆ ಗ್ರಾಚ್ಯುಟಿಯನ್ನು, ತಡೆಹಿಡಿಯುತ್ತಾರೆ.

ಮೂರನೆಯದು ಅರ್ಜಿ. ಗಂಡಹೆಂಡಿರು ಕೂಡಿ ತೆಗೆಸಿದ ಭಾವಚಿತ್ರ, ಮಾದರಿ ರುಜು ಅಥವಾ ಹೆಬ್ಬೆಟ್ಟಿನ ಗುರುತು, ಮೈಮೇಲಿನ ಗುರುತು, ಎತ್ತರ, ವಾಸದ ವಿಳಾಸ, ಬ್ಯಾಂಕಿನ ಖಾತೆ, ಕುಟುಂಬದ ಪಟ್ಟಿ, ಇವೆಲ್ಲ ಅದರ ಜೊತೆಗೆ ಹೋಗುತ್ತವೆ. ಕಚೇರಿಯ ಮುಖ್ಯಸ್ಥರು ಸೇವೆಯ ಲೆಕ್ಕ ಹಾಕಿ, ಸೇವಾ ಪುಸ್ತಕ ಸೇರಿಸಿ, ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಕಳಿಸಬೇಕು. ನಿವೃತ್ತಿಗೆ ಆರು ತಿಂಗಳು ಇರುವಾಗಲೇ ಅದು ಬೆಂಗಳೂರು ಮುಟ್ಟುವಂತೆ ನೋಡಿಕೊಳ್ಳಿ. ಕಳಿಸಿದ ಪತ್ರದ ಸಂಖ್ಯೆ, ತಾರೀಖು ಎರಡನ್ನೂ ಬರೆದಿಟ್ಟುಕೊಳ್ಳಿ. ಅಲ್ಲಿ ಲೆಕ್ಕ ಒಪ್ಪಿಗೆಯಾದರೆ ಪೆನ್ಷನ್ ಆದೇಶ, ಉಪದಾನದ ಆದೇಶ, ಪರಿವರ್ತನೆ ಕೇಳಿದ್ದರೆ ಅದರ ಆದೇಶ, ಮೂರೂ ಬರುತ್ತವೆ. ಒಪ್ಪಿಗೆಯಾಗದಿದ್ದರೆ ಆಕ್ಷೇಪಣೆ ಬರುತ್ತದೆ. ಆಕ್ಷೇಪಣೆಯ ಕಾಗದ ಕಚೇರಿಯ ಮೇಜಿನ ಮೇಲೆ ತಿಂಗಳುಗಟ್ಟಲೆ ಮಲಗುವುದುಂಟು. ಅದಕ್ಕೇ ಸಂಖ್ಯೆ ತಾರೀಖು ಬೇಕು ಎಂದದ್ದು.

ನಿವೃತ್ತಿಯ ದಿನ ಕೊನೆಯ ವೇತನದ ಪ್ರಮಾಣಪತ್ರ ಬರೆಸಿಕೊಳ್ಳಬೇಕು. ಕೇರಳದಲ್ಲಿ ತಡವಾದದ್ದು ಈ ಕಾಗದವೇ. ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ಮನೆಗೆ ಬರುವ ಗಡಿಬಿಡಿಯಲ್ಲಿ ಇದನ್ನು ಮರೆಯುತ್ತಾರೆ. ಹಾರ ನಾಳೆ ಬಾಡುತ್ತದೆ. ಈ ಕಾಗದ ಇಲ್ಲದಿದ್ದರೆ ಮನೆಯೇ ಬಾಡುತ್ತದೆ.

ಇನ್ನು ಗಳಿಕೆ ರಜೆಯ ಹಣ 300 ದಿನಗಳ ಮಿತಿಯವರೆಗೆ, ಭವಿಷ್ಯ ನಿಧಿಯ ಹಣ, ಸಾಮೂಹಿಕ ವಿಮೆ, ಸರ್ಕಾರಿ ವಿಮಾ ಇಲಾಖೆಯ ಹಣ, ಇವಕ್ಕೆಲ್ಲ ಬೇರೆ ಬೇರೆ ಅರ್ಜಿ. ನಮ್ಮ ಸರ್ಕಾರಿ ವಿಮೆ 1891ರಲ್ಲಿ ಮೈಸೂರು ಸಂಸ್ಥಾನದಲ್ಲಿ ಆರಂಭವಾದದ್ದು. ಅಷ್ಟು ಹಳೆಯ ಏರ್ಪಾಡಿದ್ದೂ, ಪಾಲಿಸಿಯ ಕಾಗದ ಎಲ್ಲಿಟ್ಟೆವೆಂದು ನೆನಪಿಲ್ಲದೆ ಪರದಾಡುವವರು ಇದ್ದಾರೆ.

ಎಷ್ಟು ಬರುತ್ತದೆ?

ಲೆಕ್ಕ ಹೇಳದೆ ಹೋದರೆ ಭಾಷಣ ಗಾಳಿಮಾತಾದೀತು. ಹಳೆಯ ಪದ್ಧತಿಯಲ್ಲಿ ಪೆನ್ಷನ್ ದೊರೆಯಲು ಕನಿಷ್ಠ 10 ವರ್ಷದ ಅರ್ಹ ಸೇವೆ ಬೇಕು. ಪೂರ್ಣ ಸೇವೆಯಾದವನಿಗೆ ಕೊನೆಯ ಮೂಲವೇತನದ ಅರ್ಧ. 42,000 ರೂಪಾಯಿ ಮೂಲವೇತನವಿದ್ದವನಿಗೆ 21,000, ಅದರ ಮೇಲೆ ತುಟ್ಟಿಭತ್ಯೆ. ಉಪದಾನ ಎಂಬುದು ಸೇವೆಯ ಪ್ರತಿ ಆರು ತಿಂಗಳಿಗೆ ಕಾಲು ತಿಂಗಳ ವೇತನದ ಪ್ರಕಾರ. ಮೂವತ್ತು ವರ್ಷ ದುಡಿದವನಿಗೆ ಹದಿನೈದು ತಿಂಗಳ ವೇತನ. ಅವನು ತೀರಿಕೊಂಡರೆ ಹೆಂಡತಿಗೆ ಕುಟುಂಬ ಪೆನ್ಷನ್ ಮೂಲವೇತನದ ಶೇಕಡಾ 30, ಅಂದರೆ 12,600. ಆ ತಾಯಿ ಒಂದು ಹೆಸರಿನ ದೆಸೆಯಿಂದ ವರ್ಷಕ್ಕೂ ಮೀರಿ ಕಾದದ್ದು ಇಂತಹ ಹಣಕ್ಕೆ.

ಪರಿವರ್ತನೆಯ ಬಗ್ಗೆ ಎರಡು ಮಾತು. ಪೆನ್ಷನ್ನಿನ ಮೂರನೆಯ ಒಂದು ಭಾಗವನ್ನು ಮಾರಿ ಒಟ್ಟು ಹಣ ತೆಗೆದುಕೊಳ್ಳಬಹುದು. 21,000ದಲ್ಲಿ 7,000 ಮಾರಿದರೆ ಕೈಗೆ 14,000 ಉಳಿಯುತ್ತದೆ; ತುಟ್ಟಿಭತ್ಯೆ ಮಾತ್ರ ಪೂರ್ತಿ 21,000ದ ಮೇಲೆಯೇ. ಮಾರಿದ ಭಾಗ ಹಿಂದಕ್ಕೆ ಬರುವುದು 15 ವರ್ಷದ ಮೇಲೆ. 180 ತಿಂಗಳು 7,000ದಂತೆ ಕಡಿತವಾದರೆ 12,60,000 ರೂಪಾಯಿ. ಮನೆ ಸೋರುತ್ತಿದ್ದರೆ, ಸಾಲದ ಬಡ್ಡಿ ಕತ್ತು ಹಿಸುಕುತ್ತಿದ್ದರೆ ಪರಿವರ್ತನೆ ಮಾಡಿಸುವುದು ಬುದ್ಧಿವಂತಿಕೆಯೇ. ಆದರೆ ಮಗಳ ಮದುವೆಗೆ ಛತ್ರ ದೊಡ್ಡದಾಗಲಿ, ಮಗನಿಗೆ ಹೊಸ ಮೋಟಾರ್ ಸೈಕಲ್ ಬರಲಿ ಎಂದು ತಂದೆಯನ್ನು ಒತ್ತಾಯಿಸುವ ಮಕ್ಕಳು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಮಾಡಿಸುವುದೇ ಆದರೆ ನಿವೃತ್ತಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಿ. ಆಮೇಲೆ ವೈದ್ಯಕೀಯ ಪರೀಕ್ಷೆಯ ತೊಡಕು ಬರುತ್ತದೆ. ಹದಿನೈದು ವರ್ಷ ತುಂಬುವ ತಾರೀಖನ್ನು ಪೆನ್ಷನ್ ಪುಸ್ತಕದ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.

ತಡವಾದರೆ

ಕಾಗದ ತಡವಾದರೆ ಬಾಯಿಮಾತಿನಲ್ಲಿ ಕೇಳಿ ಬರಬೇಡಿ. ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಪೂರ್ಣ ಆದೇಶ ಬರುವವರೆಗೆ ತಾತ್ಕಾಲಿಕ ಪೆನ್ಷನ್ ಕೊಡಲು ನಿಯಮದಲ್ಲಿ ಅವಕಾಶವಿದೆ, ಅದನ್ನು ಕೇಳಿ. ಕಡತ ಎಲ್ಲಿದೆ ಎಂದು ಹೇಳದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು. ಕಡತ ಯಾರ ಮೇಜಿನ ಮೇಲೆ ಎಷ್ಟು ದಿನ ಇತ್ತು ಎಂದು ಕೇಳಿದರೆ ಸಾಕು, ಎಷ್ಟೋ ಕಡತಗಳಿಗೆ ಕಾಲು ಬರುತ್ತವೆ.

ಲಂಚ ಕೇಳಿದರೆ? “ಇಷ್ಟು ಲಕ್ಷ ಬರುತ್ತದಲ್ಲ, ನಮಗೂ ಏನಾದರೂ ನೋಡಿಕೊಳ್ಳಿ” ಎಂಬ ಮಾತು ಕೇಳದ ನಿವೃತ್ತ ಅಪರೂಪ. ಕೇಳುವವನು ನಾಳೆ ತಾನೂ ನಿವೃತ್ತನಾಗುವವನೇ. ಹೆದರಿ ಕೊಟ್ಟರೆ ಮುಂದಿನವನ ದರ ಏರುತ್ತದೆ. ಲೋಕಾಯುಕ್ತ ಪೊಲೀಸರಿಗೆ ದೂರು ಕೊಡುವ ದಾರಿ ಇದೆ. ನಡುವೆ ಕೆಲವು ವರ್ಷ ಭ್ರಷ್ಟಾಚಾರ ನಿಗ್ರಹ ದಳವೆಂಬ ಬೇರೆ ದಳ ಮಾಡಿ ಅವರ ಕೈಯಿಂದ ಆ ಅಧಿಕಾರ ಕಿತ್ತುಕೊಂಡಿದ್ದರು. 2022ರ ಆಗಸ್ಟಿನಲ್ಲಿ ಹೈಕೋರ್ಟು ಆ ದಳವನ್ನು ರದ್ದುಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಒಬ್ಬಂಟಿಯಾಗಿ ಹೋಗಲು ಅಳುಕಿದರೆ ನಾಲ್ಕು ಜನ ಕೂಡಿ ಹೋಗಿ. ಸಂಘ ಕಟ್ಟಿರುವುದು ಅದಕ್ಕೇ ಅಲ್ಲವೇ?

ಅಂಗಡಿಯವರಿಗೆ ಒಂದು ಕಹಿ ಮಾತು

ಇಲ್ಲಿಯವರೆಗೆ ಕಚೇರಿಯವರನ್ನು ಬೈದಾಯಿತು. ಈಗ ನಮ್ಮವರಿಗೆ ಹೇಳಬೇಕಾದ ಮಾತು. ಉದ್ರಿ ಬಾಕಿಗೆ ಅಥವಾ ಕೈಸಾಲಕ್ಕೆ ನಿವೃತ್ತರ ಬ್ಯಾಂಕ್ ಪಾಸ್ ಪುಸ್ತಕ, ಎ.ಟಿ.ಎಂ. ಕಾರ್ಡು ಇಟ್ಟುಕೊಂಡು, ಒಂದನೇ ತಾರೀಖು ತಾವೇ ಹಣ ತೆಗೆದು, ಬಡ್ಡಿ ಹಿಡಿದು, ಉಳಿದದ್ದನ್ನು ಮುದುಕಿಯ ಕೈಗೆ ಇಡುವ ಪದ್ಧತಿ ಕೆಲವು ಕಡೆ ಇದೆ. ಸಭೆಯಲ್ಲಿ ಯಾರಾದರೂ ಹಾಗೆ ಇಟ್ಟುಕೊಂಡಿದ್ದರೆ ನಾಳೆಯೇ ಹಿಂದಕ್ಕೆ ಕೊಡಿ. 1871ರ ಪೆನ್ಷನ್ ಕಾಯಿದೆಯೇ, ಬ್ರಿಟಿಷರ ಕಾಲದ ಕಾಯಿದೆಯೇ, ಸಾಲಗಾರರು ಸರ್ಕಾರಿ ಪೆನ್ಷನ್ನನ್ನು ಜಪ್ತಿ ಮಾಡಕೂಡದೆಂದು ಹೇಳಿದೆ. ನ್ಯಾಯಾಲಯವೇ ಮುಟ್ಟಲಾರದ ಹಣವನ್ನು ನಾವು ಕಾರ್ಡು ಹಿಡಿದು ಮುಟ್ಟುವುದು ಯಾವ ಧರ್ಮ? ದೊಡ್ಡ ಸಾಹುಕಾರನನ್ನು ದೂರುವ ಹಕ್ಕು ಉಳಿಯಬೇಕಾದರೆ ಸಣ್ಣ ಸಾಹುಕಾರಿಕೆಯನ್ನು ನಾವು ಬಿಡಬೇಕು.

2006ರ ಗೆರೆ

ಮೇಲೆ ಹೇಳಿದ ಲೆಕ್ಕವೆಲ್ಲ ಹಳಬರದು. 2006ನೇ ಏಪ್ರಿಲ್ 1ರಿಂದ ಈಚೆಗೆ ರಾಜ್ಯದ ನೌಕರಿಗೆ ಸೇರಿದವರಿಗೆ ಹೊಸ ಪದ್ಧತಿ. ಕೇಂದ್ರದಲ್ಲಿ ಇದು 2004ರ ಜನವರಿ 1ರಿಂದಲೇ ಬಂದಿತ್ತು. ನೌಕರನ ವೇತನದಿಂದ ಶೇಕಡಾ 10 ಹಿಡಿಯುತ್ತಾರೆ, ಸರ್ಕಾರ ಶೇಕಡಾ 14 ಸೇರಿಸುತ್ತದೆ, ಹಣ ಪೇಟೆಗೆ ಹೋಗುತ್ತದೆ. ನಿವೃತ್ತಿಯ ದಿನ ಕೂಡಿದ ಹಣದಲ್ಲಿ ಶೇಕಡಾ 60ರವರೆಗೆ ಕೈಗೆ, ಕನಿಷ್ಠ ಶೇಕಡಾ 40 ವಿಮಾ ಕಂಪನಿಯಲ್ಲಿ ತೊಡಗಿಸಿ ಅದರಿಂದ ತಿಂಗಳ ಹಣ. ಕೊನೆಯ ವೇತನದ ಅರ್ಧ ಎಂಬ ಭರವಸೆ ಇಲ್ಲಿಲ್ಲ. ಒಂದೇ ಕಚೇರಿಯಲ್ಲಿ, ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಮಾರ್ಚಿನಲ್ಲಿ ಸೇರಿದವನಿಗೆ ನಿಶ್ಚಿತ ಅನ್ನ, ಏಪ್ರಿಲಿನಲ್ಲಿ ಸೇರಿದವನಿಗೆ ಪೇಟೆಯ ಧಾರಣೆ.

ನೌಕರರು ಸುಮ್ಮನೆ ಕೂರಲಿಲ್ಲ. 2022ರ ಡಿಸೆಂಬರಿನಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಧರಣಿ ಕೂತರು. 2024ರ ಜನವರಿಯಲ್ಲಿ ಸರ್ಕಾರ, 2006ರ ಏಪ್ರಿಲಿಗೆ ಮೊದಲೇ ಅಧಿಸೂಚನೆಯಾಗಿ ಆಮೇಲೆ ಸೇರಿದ ಸುಮಾರು 13,000 ಮಂದಿಗೆ ಹಳೆಯ ಪೆನ್ಷನ್ ಕೊಡಲು ಒಪ್ಪಿತು. ರಾಜಸ್ಥಾನ, ಛತ್ತೀಸಗಢ, ಹಿಮಾಚಲಗಳಲ್ಲಿ ಹಳೆಯ ಪದ್ಧತಿಗೆ ಮರಳುವ ಆದೇಶಗಳಾದವು. ಕೇಂದ್ರ ಸರ್ಕಾರವೂ ತನ್ನ ನೌಕರರಿಗೆ 2025ರ ಏಪ್ರಿಲ್ 1ರಿಂದ ನಿಶ್ಚಿತ ಮೊತ್ತದ ಭರವಸೆಯಿರುವ ಇನ್ನೊಂದು ಪದ್ಧತಿ ತಂದಿತು. ಕೇಳಿದಷ್ಟು ಬರಲಿಲ್ಲ, ಆದರೆ ಬಂದದ್ದೆಲ್ಲ ಕೇಳಿದ್ದರಿಂದಲೇ ಬಂತು.

ಗಿರಣಿಯವರ ಪಾಲು

ಈಗ ಗಿರಣಿಯ ಬಂಧುಗಳ ಪ್ರಶ್ನೆಗೆ ಬರುತ್ತೇವೆ. ನಿಮಗೂ ಪೆನ್ಷನ್ ಇದೆ. 1995ರ ನವೆಂಬರ್ 16ರಿಂದ ಜಾರಿಗೆ ಬಂದ ನೌಕರರ ಪೆನ್ಷನ್ ಯೋಜನೆ. ಮಾಲೀಕ ಕಟ್ಟುವ ಭವಿಷ್ಯ ನಿಧಿಯ ವಂತಿಗೆಯಲ್ಲಿ ವೇತನದ ಶೇಕಡಾ 8.33 ಇದಕ್ಕೆ ಹೋಗುತ್ತದೆ. 10 ವರ್ಷ ಸೇವೆ, 58 ವಯಸ್ಸು ಆಗಬೇಕು. ಲೆಕ್ಕ ಸುಲಭ: ಪೆನ್ಷನ್ನಿಗೆ ಲೆಕ್ಕಹಾಕುವ ವೇತನವನ್ನು ಸೇವೆಯ ವರ್ಷದಿಂದ ಗುಣಿಸಿ 70ರಿಂದ ಭಾಗಿಸಿ. 10,000 ವೇತನ, 14 ವರ್ಷ ಸೇವೆ ಇದ್ದರೆ ತಿಂಗಳಿಗೆ 2,000 ರೂಪಾಯಿ. ಇದಕ್ಕೆ ತುಟ್ಟಿಭತ್ಯೆ ಇಲ್ಲ. 2014ರ ಸೆಪ್ಟೆಂಬರಿನಲ್ಲಿ ಕನಿಷ್ಠ 1,000 ಎಂದು ನಿಗದಿ ಮಾಡಿದರು. ಅದನ್ನು ಏರಿಸಿ ಎಂದು ಮುದುಕರು ಅಂದಿನಿಂದ ಕೇಳುತ್ತಲೇ ಇದ್ದಾರೆ.

ಇಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಒಂದು ಎಚ್ಚರಿಕೆ. ಗಾರ್ಮೆಂಟಿನಲ್ಲಿ ಆರು ವರ್ಷ, ಏಳು ವರ್ಷ ದುಡಿದು, ಮದುವೆಗೋ ಹೆರಿಗೆಗೋ ಊರಿಗೆ ಮರಳುವಾಗ ಪೆನ್ಷನ್ ಹಣವನ್ನೂ ಹಿಂತೆಗೆದುಬಿಡುತ್ತೀರಿ. ಮುಂದೆ ಮತ್ತೆ ಕೆಲಸಕ್ಕೆ ಹೋಗುವ ಸಂಭವವಿದ್ದರೆ ಹಣ ತೆಗೆಯದೆ ಸೇವೆಯ ಪ್ರಮಾಣಪತ್ರ ಕೇಳಿ. ಆ ವರ್ಷಗಳು ಮುಂದಿನ ಕೆಲಸದ ವರ್ಷಗಳಿಗೆ ಕೂಡುತ್ತವೆ. ಹತ್ತು ತುಂಬಿದರೆ ಪೆನ್ಷನ್. ನಿಮ್ಮ ಹೆಸರು, ಹುಟ್ಟಿದ ತಾರೀಖು ಗಿರಣಿಯ ದಾಖಲೆಯಲ್ಲೂ ಆಧಾರಿನಲ್ಲೂ ಒಂದೇ ಇದೆಯೇ ಎಂದು ಈ ವಾರವೇ ನೋಡಿ. ಜವಾನರ ಹೆಂಡತಿಯ ಕತೆ ನಿಮಗೂ ಬರಬಾರದು.

ಹೆಂಗಸರು ಏನು ಮಾಡಬಲ್ಲರೆಂದು ಕೇಳುವವರಿಗೆ 2016ರ ಏಪ್ರಿಲ್ ನೆನಪು ಮಾಡುತ್ತೇವೆ. ಭವಿಷ್ಯ ನಿಧಿಯಲ್ಲಿ ಮಾಲೀಕನ ಪಾಲನ್ನು 58 ವರ್ಷದವರೆಗೆ ತೆಗೆಯಕೂಡದೆಂದು ಕೇಂದ್ರ ಸರ್ಕಾರ ಆ ಫೆಬ್ರುವರಿಯಲ್ಲಿ ನಿಯಮ ಮಾಡಿತ್ತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ ಕಾರ್ಮಿಕರು, ಹೆಚ್ಚಿನವರು ಹೆಂಗಸರು, ಯಾವ ದೊಡ್ಡ ನಾಯಕನ ಕರೆಗೂ ಕಾಯದೆ ರಸ್ತೆಗೆ ಇಳಿದರು. 19ರಂದೇ ಸರ್ಕಾರ ಆ ನಿಯಮ ಹಿಂತೆಗೆಯಿತು.

ಪೆನ್ಷನ್ ಬರಲು ಆರಂಭವಾದ ಮೇಲೂ ವರ್ಷಕ್ಕೊಮ್ಮೆ ಬದುಕಿದ್ದೇವೆಂದು ತೋರಿಸಬೇಕು. ಸರ್ಕಾರಿ ನಿವೃತ್ತರಿಗೆ ಅದು ನವೆಂಬರಿನಲ್ಲಿ. ಗಿರಣಿಯ ಪೆನ್ಷನ್ನಿನವರು ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು. ಕೊಟ್ಟಲ್ಲಿಂದ ಒಂದು ವರ್ಷ ನಡೆಯುತ್ತದೆ. 2014ರಿಂದ ಹೆಬ್ಬೆಟ್ಟು ಒತ್ತಿ ಯಂತ್ರದಲ್ಲೇ ಕೊಡುವ ಏರ್ಪಾಡಾಗಿದೆ. ಆದರೆ ನೂಲು ಎಳೆದು, ಪಾತ್ರೆ ತಿಕ್ಕಿ ಬೆರಳಿನ ಗೆರೆ ಸವೆದವರನ್ನು ಯಂತ್ರ ಗುರುತಿಸುವುದಿಲ್ಲ. ಅಂಥವರಿಗೆ ಮುಖ ತೋರಿಸಿ ಕೊಡುವ ಪದ್ಧತಿ 2021ರಿಂದ ಬಂದಿದೆ, ಅದನ್ನು ಕೇಳಿ. ದುಡಿದು ಗೆರೆ ಸವೆಸಿಕೊಂಡವನನ್ನು ಸತ್ತವನ ಪಟ್ಟಿಗೆ ಸೇರಿಸಲು ಬಿಡಬೇಡಿ.

ಅಂಗಡಿಯವರಿಗೆ ಏನಿದೆ?

ಸಣ್ಣ ವ್ಯಾಪಾರಿಗಳಿಗೆಂದು ಕೇಂದ್ರ ಸರ್ಕಾರ 2019ರಲ್ಲಿ ಒಂದು ಯೋಜನೆ ತಂದಿತು. 18ರಿಂದ 40 ವಯಸ್ಸಿನೊಳಗೆ ಸೇರಿ, ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಿದರೆ 60ರ ಮೇಲೆ 3,000 ಎಂದರು. ನಲವತ್ತು ದಾಟಿದ ಅಂಗಡಿಯವನಿಗೆ ಆ ಬಾಗಿಲು ಮುಚ್ಚಿತ್ತು. ಇನ್ನು ಉಳಿದದ್ದು ರಾಜ್ಯದ ಸಂಧ್ಯಾ ಸುರಕ್ಷಾ. 65 ದಾಟಿದ ಬಡವರಿಗೆ 2007ರಲ್ಲಿ ಆರಂಭವಾದ ಇದರ ಮೊತ್ತವನ್ನು 2021ರಲ್ಲಿ 1,200 ಮಾಡಿದರು.

ಲೆಕ್ಕವನ್ನು ಪಕ್ಕ ಪಕ್ಕ ಇಟ್ಟು ನೋಡಿ. ಹಳೆಯ ಜವಾನನಿಗೆ ವೇತನದ ಅರ್ಧ, ಹೊಸ ಜವಾನನಿಗೆ ಪೇಟೆಯ ಧಾರಣೆ, ಗಿರಣಿಯವನಿಗೆ ಸಾವಿರ ಎರಡು ಸಾವಿರ, ಅಂಗಡಿಯವನಿಗೆ ಸಾವಿರದ ಇನ್ನೂರು. ಇದನ್ನು ನೋಡಿ “ಸರ್ಕಾರಿ ನೌಕರನಿಗೆ ಯಾಕೆ ಅಷ್ಟು?” ಎಂದು ಹೊಟ್ಟೆಕಿಚ್ಚುಪಡುವಂತೆ ನಿಮಗೆ ಹೇಳಿಕೊಡುವವರಿದ್ದಾರೆ. ಅವನ ತಟ್ಟೆಯಿಂದ ಕಿತ್ತರೆ ನಮ್ಮ ತಟ್ಟೆಗೆ ಬೀಳುವುದಿಲ್ಲ. 2006ರಲ್ಲಿ ಅವನಿಂದ ಕಿತ್ತದ್ದು ಗಿರಣಿಯವನಿಗೆ ಬಂತೇ, ಅಂಗಡಿಯವನಿಗೆ ಬಂತೇ? ಬರಲಿಲ್ಲ. “ನಮಗೆ ಯಾಕೆ ಇಷ್ಟೇ?” ಎಂದು ಕೇಳುವುದೇ ಸರಿಯಾದ ಪ್ರಶ್ನೆ. ಆ ಪ್ರಶ್ನೆ ಕೇಳುವಾಗ ಅಳತೆಗೋಲಾಗಿ ಹಳೆಯ ಜವಾನನ ಪೆನ್ಷನ್ ಉಳಿದಿರಬೇಕು. ಅದಕ್ಕೇ ಅವನ ಕಾಗದ ನಮ್ಮ ಕಾಗದವೂ ಹೌದು ಎಂದೆವು.

ಕೊನೆಯದಾಗಿ ಒಂದು ಕೆಲಸ ಹೇಳಿ ಮುಗಿಸುತ್ತೇವೆ. ಈ ರಾತ್ರಿ ಮನೆಗೆ ಹೋಗಿ ನಿಮ್ಮ ತಮ್ಮನನ್ನೋ, ಭಾವನನ್ನೋ, ಅತ್ತಿಗೆಯನ್ನೋ ಕೇಳಿ: “ನಿನ್ನ ಸೇವಾ ಪುಸ್ತಕ ನೋಡಿ ಎಷ್ಟು ವರ್ಷವಾಯಿತು? ಅದರಲ್ಲಿ ಮನೆಯವರ ಹೆಸರು ಸರಿಯಾಗಿದೆಯೇ?” ಅವರು ನಗಬಹುದು. ನಗಲಿ. ನಾಳೆ ಅರ್ಜಿ ಬರೆದು ಕೊಡಲಿ. ಬರೆಯಲು ಬಾರದವರಿಗೆ ಬರೆದುಕೊಡಲು ಓದಿದ ಹುಡುಗರು ನಾಲ್ಕು ಊರಲ್ಲೂ ಮುಂದೆ ಬರಬೇಕು. ಒಬ್ಬ ವಿಧವೆಯಾದರೂ ಹೆಸರಿನ ದೆಸೆಯಿಂದ ಓಲೆ ಅಡವಿಡದಂತಾದರೆ ಈ ಸಂಜೆಯ ಮಾತು ಸಾರ್ಥಕ.